ಮೊಣಕಾಲೆತ್ತರದ ಬೆಳಕು

"ಮೊದಲು ದ್ರಾಕ್ಷಿ ತೋಟ, ಆಮೇಲೆ ಜಲಪಾತ," ಎಂದು ಪುಟ್ಟಿ ನಕ್ಷೆಯ ಮೇಲೆ ಬೆರಳು ಎಳೆದಳು. ದೊಡ್ಡಮ್ಮನ ಕೈಯಲ್ಲಿದ್ದ ಟೀ ಲೋಟ ತುಟಿಯವರೆಗೆ ಹೋಗದೆ ನಡುದಾರಿಯಲ್ಲೇ ನಿಂತಿತು.

ಲೋಕವೆಲ್ಲ ಮೊದಲು ಜಲಪಾತ ನೋಡುತ್ತದೆ. ಅಲ್ಲಿ ನೆನೆದು, ನಡುಗಿ, ಫೋಟೋ ತೆಗೆಸಿಕೊಂಡು, ಆಮೇಲೆ ಮೈ ಒಣಗಿಸಿಕೊಳ್ಳುತ್ತ ದ್ರಾಕ್ಷಿ ತೋಟಗಳ ಕಡೆ ಬರುತ್ತದೆ. ವೈನ್ ಬಾಟಲಿಗಳನ್ನು ಕೊಳ್ಳುವುದು ಮನೆಯ ದಾರಿಯಲ್ಲಿ. ಬಾಟಲಿ ಹೊತ್ತುಕೊಂಡು ಜಾರುವ ಬಂಡೆಯ ಮೇಲೆ ನಡೆಯುವ ಹುಚ್ಚರು ಯಾರೂ ಇಲ್ಲ. ಇದನ್ನು ದೊಡ್ಡಮ್ಮನಿಗೆ ಹೇಳಿಕೊಟ್ಟವಳು ಪುಟ್ಟಿಯೇ. ಜನರ ಪ್ರವಾಸ ಹೊಂದಿಸಿ ಕೊಡುವುದೇ ಅವಳ ನೌಕರಿ.

ಈ ಕ್ರಮವನ್ನು ತಲೆಕೆಳಗು ಮಾಡಿ ಹೋದವಳು ದೊಡ್ಡಮ್ಮನಿಗೆ ಗೊತ್ತಿದ್ದಂತೆ ಒಬ್ಬಳೇ. ಕಳೆದ ಸುಗ್ಗಿಯಲ್ಲಿ ಜಲಪಾತದ ಬುಡದಲ್ಲಿ ಹೆಣವಾಗಿ ಸಿಕ್ಕ ಹೊಲಿಗೆ ಟೀಚರ್. ಕಾಲು ಜಾರಿ ಬಿದ್ದಳೆಂದು ಎಲ್ಲರೂ ಕೈ ತೊಳೆದುಕೊಂಡಿದ್ದರು. ಅವಳ ಅಣ್ಣ, ಒಬ್ಬ ಬಸ್ ಡ್ರೈವರ್, ಮಾತ್ರ ಅದನ್ನು ಒಪ್ಪದೆ ಬಂದು ದೊಡ್ಡಮ್ಮನ ಬಾಗಿಲು ತಟ್ಟಿದ್ದ.

"ಯಾಕೆ ಉಲ್ಟಾ?" ಎಂದು ದೊಡ್ಡಮ್ಮ ಆದಷ್ಟು ಹಗುರವಾಗಿ ಕೇಳಿದಳು.

"ನಮ್ಮನೆಯವರ ಆಸೆ. ಕೊನೇಲಿ ನೀರು ನೋಡ್ಬೇಕಂತೆ."

"ಅವರು ಆ ಕಡೆ ಮುಂಚೆ ಹೋಗಿದ್ರಾ?"

"ಇಲ್ಲಪ್ಪ. ಇಬ್ಬರೂ ಹೋಗಿಲ್ಲ. ಜನರನ್ನ ಕಳಿಸಿ ಕಳಿಸಿ ನನ್ನ ಬಾಯಿ ಒಣಗಿದೆ, ನಾನೊಂದು ಸಲಾನೂ ಆ ನೀರು ನೋಡಿಲ್ಲ. ಇಡೀ ಊರಿಗೆ ಅಡುಗೆ ಮಾಡಿ ಹಸಿದು ಮಲಗಿದ ಹಾಗೆ."

ಪುಟ್ಟಿ ಪ್ರವಾಸ ಹೊಂದಿಸುವ ರೀತಿಯೇ ಬೇರೆ. ಆಫೀಸಿನಲ್ಲಿ ಕಂಪ್ಯೂಟರ್ ಇದ್ದರೂ ಅವಳು ಮೊದಲು ಮೇಜಿನ ಮೇಲೆ ನಕ್ಷೆ ಹಾಸಿ, ಹೋಗುವವರಿಗೆ ತಲೆಗೊಂದು ಅಂಗಿಗುಂಡಿ ಇಟ್ಟು, ಊರಿಂದ ಊರಿಗೆ ಬೆರಳಲ್ಲೇ ತಳ್ಳಿಕೊಂಡು ಹೋಗುತ್ತಾಳೆ. ಎಲ್ಲಿ ದಣಿವಾಗುತ್ತದೆ, ಎಲ್ಲಿ ಹಸಿವಾಗುತ್ತದೆ, ಎಲ್ಲಿ ಗಂಡ ಹೆಂಡತಿಗೆ ಜಗಳವಾಗುತ್ತದೆ ಎಂಬುದೆಲ್ಲ ಗುಂಡಿ ತಳ್ಳುವಾಗ ತನಗೆ ಹೊಳೆಯುತ್ತದೆ ಎನ್ನುತ್ತಾಳೆ. ಅವಳ ಆಫೀಸಿನವರು ಇದಕ್ಕೆ ನಗುತ್ತಾರೆ, ಆದರೆ ಅವಳು ಹೊಂದಿಸಿದ ಪ್ರವಾಸದ ಬಗ್ಗೆ ದೂರು ಬಂದದ್ದಿಲ್ಲ.

ಈಗ ಬಿಳಿಯ ಗುಂಡಿ ಅವಳದು, ಕಪ್ಪು ಗುಂಡಿ ಗಂಡನದು. ರೈಲು ಇಳಿದು ಇಲ್ಲಿ, ಬೆಳಿಗ್ಗೆ ಬಾಡಿಗೆ ಕಾರು, ಗುಡ್ಡ ಹತ್ತಿ ತೋಟದ ಮನೆ, ಅಲ್ಲೇ ಎರಡು ರಾತ್ರಿ, ಮಾರನೆಯ ದಿನ ಹೊಳೆಯ ಪಕ್ಕದ ರಸ್ತೆ ಹಿಡಿದು ಜಲಪಾತ. ಹೇಳುತ್ತ ಹೇಳುತ್ತ ಅವಳ ಬೆರಳು ಬಿಳಿ ಗುಂಡಿಯನ್ನು ಜಲಪಾತದ ನೀಲಿ ಗೆರೆಯ ಮೇಲೆ ತಂದು ನಿಲ್ಲಿಸಿತು. ಕಪ್ಪು ಗುಂಡಿ ತೋಟದಲ್ಲೇ ಉಳಿದಿತ್ತು.

"ಕಟ್ಟಿಕೊಂಡವನನ್ನ ಅಲ್ಲೇ ಬಿಟ್ಟು ಹೋಗ್ತೀಯೇನೇ?" ಎಂದು ದೊಡ್ಡಮ್ಮ ತಾನೇ ಅದನ್ನು ಮುಂದಕ್ಕೆ ತಳ್ಳಿದಳು.

ಪುಟ್ಟಿ ನಕ್ಕಳು. "ಮರ್ತೇ ಹೋಯ್ತು ನೋಡು. ವೈನ್ ಕುಡಿದು ಮಲಗಿರ್ತಾರೆ ಬಿಡು." ದೊಡ್ಡಮ್ಮನೂ ನಕ್ಕಳು.

ಹೊರಡುವುದು ನಾಳಿದ್ದು ಬೆಳಿಗ್ಗೆ. ಅಷ್ಟರೊಳಗೆ ಈ ಹುಡುಗಿಯನ್ನು ತಡೆಯಬೇಕು. ತಡೆಯಲು ಕಾರಣ ಹೇಳಬೇಕು. ಹೇಳಲು ಕೈಯಲ್ಲಿ ಇರುವುದೇನು? ಒಂದು ಚೌಕಟ್ಟಿನ ಬೆನ್ನಿಗೆ ಅಂಟಿಸಿದ ಚೀಟಿ.

ಹೊಲಿಗೆ ಟೀಚರಿನ ಮಂಚದ ತಲೆದಿಕ್ಕಿನಲ್ಲಿ ಅವಳೇ ಕಸೂತಿ ಹಾಕಿದ ಜೋಡಿ ಹಕ್ಕಿಗಳ ಪಟವಿತ್ತು. ನಿನ್ನೆ ದೊಡ್ಡಮ್ಮ ಅದನ್ನು ತಿರುವಿ ನೋಡಿದಾಗ, ಹಿಂಬದಿಯ ರಟ್ಟಿನ ಮೇಲೆ ಕಟ್ಟು ಹಾಕಿದ ಅಂಗಡಿಯ ಹೆಸರಿತ್ತು. ಅಂಗಡಿ ಅವಳ ಅಳಿಯನದೇ. ಅಂದರೆ ಪುಟ್ಟಿಯ ಗಂಡನದು. ಆ ಹೊಲಿಗೆ ಟೀಚರಿನ ಸುದ್ದಿ ಈ ಮನೆಯಲ್ಲಿ ಎಷ್ಟು ಸಲ ಬಂದಿತ್ತು, ಅವನು ಒಂದು ಸಲವೂ ತುಟಿ ಬಿಚ್ಚಿರಲಿಲ್ಲ.

ಬೇರೆಯವರಾಗಿದ್ದರೆ ದೊಡ್ಡಮ್ಮ ಆಗಲೇ ಅವನ ಜಾತಕ ಜಾಲಾಡಿರುತ್ತಿದ್ದಳು. ಸತ್ತವರು ನಿಜವಾಗಿ ಹೇಗೆ ಸತ್ತರೆಂದು ಪತ್ತೆ ಮಾಡುವುದೇ ವಿಮಾ ಕಂಪನಿಯಲ್ಲಿ ಅವಳ ಕೆಲಸವಾಗಿತ್ತು. ನಿವೃತ್ತಿಯಾದರೂ ಚಟ ಬಿಟ್ಟಿರಲಿಲ್ಲ. ಆ ಚಟದಿಂದಲೇ ಪುಟ್ಟಿಗೆ ಹಿಂದೆ ಬಂದ ಎರಡು ಸಂಬಂಧಗಳನ್ನು ಬಗೆದು ನೋಡಿ ಮುರಿದು ಹಾಕಿದ್ದಳು. ಈ ಮದುವೆಯ ಮಾತು ಬಂದಾಗ ಪುಟ್ಟಿ ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ಬಾಳನ್ನೂ ಕ್ಲೇಮ್ ಥರ ನೋಡಬೇಡ, ಇವರ ವಿಷಯಕ್ಕೆ ಕೈ ಹಾಕಿದರೆ ನಾನು ನಿನ್ನ ಮುಖ ನೋಡಲ್ಲ ಅಂದಿದ್ದಳು. ದೊಡ್ಡಮ್ಮ ಮಾತು ಕೊಟ್ಟಳು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಈಗ ಅದೇ ಮಾತು ಅವಳ ಕೈ ಕಟ್ಟಿ ಹಾಕಿತ್ತು.

ತಂಗಿ ತೀರಿಕೊಂಡಾಗ ಪುಟ್ಟಿ ಇನ್ನೂ ನಡೆಯಲು ಕಲಿಯುತ್ತಿದ್ದಳು. ದೊಡ್ಡಮ್ಮ ಮದುವೆಯಾಗಲಿಲ್ಲ, ಪುಟ್ಟಿಯನ್ನು ಸಾಕಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ; ಹೆರದೆ ಸಾಕಿದವಳ ಮುದ್ದು ಅದಕ್ಕಿಂತ ಒಂದು ತೂಕ ಹೆಚ್ಚು.

"ಪ್ರವಾಸ ಮುಂದಕ್ಕೆ ಹಾಕೋಕಾಗಲ್ವಾ?" ಎಂದು ಕೇಳಿ ನೋಡಿದಳು.

"ಈ ರಜೆ ಸಿಗೋಕೆ ಮ್ಯಾನೇಜರ್ ಕಾಲು ಹಿಡಿಯೋದೊಂದು ಬಾಕಿ. ಸುಗ್ಗಿ ಮುಗಿದ ಮೇಲೆ ಅಲ್ಲಿ ಏನಿದೆ ನೋಡೋಕೆ, ಒಣ ಬಳ್ಳಿ?" ಎಂದು ಪುಟ್ಟಿ ಎದ್ದು, ಬಟ್ಟೆ ಮಡಚಲು ಒಳಗೆ ಹೋದಳು.

ಸುಗ್ಗಿ. ದೊಡ್ಡಮ್ಮನನ್ನು ಹೆದರಿಸಿದ್ದೂ ಅದೇ ಮಾತು.

ಹೋದ ವಾರ ಅವಳು ಬಸ್ ಡ್ರೈವರನ್ನು ಕರೆದುಕೊಂಡು ಆ ದ್ರಾಕ್ಷಿ ತೋಟಗಳ ಕಡೆ ಹೋಗಿ ಬಂದಿದ್ದಳು. ಸತ್ತವಳ ಶ್ವಾಸಕೋಶದಲ್ಲಿ ನೀರಿರಲಿಲ್ಲವೆಂದು ಡಾಕ್ಟರು ಹೇಳಿದ್ದರು. ಬಂಡೆಗೆ ತಲೆ ಬಡಿದು ಮೊದಲೇ ಪ್ರಾಣ ಹೋಗಿರಬೇಕು ಎಂದು ಪೊಲೀಸರು ಅದನ್ನು ಅಲ್ಲಿಗೇ ಮುಗಿಸಿದ್ದರು. ಆದರೆ ಅವಳ ಲಂಗದ ಅಂಚಿನಲ್ಲಿ ಅಷ್ಟು ನೀರು ಬಡಿದರೂ ಹೋಗದ ನೇರಳೆ ಕಲೆಯಿತ್ತು. ಆ ಕಲೆಯ ಬೆನ್ನು ಹತ್ತಿ ದೊಡ್ಡಮ್ಮ ಒಂದು ತೋಟದ ನೆಲಮಾಳಿಗೆಯ ಬಾಗಿಲಿಗೆ ಬಂದು ನಿಂತಿದ್ದಳು.

ತೋಟದ ಯಜಮಾನಿ ದಪ್ಪ ದನಿಯ, ಜೋರು ಹೆಂಗಸು. ಬಾಗಿಲ ಪಕ್ಕದ ಗೂಡಿನಿಂದ ಒಂದು ಮೇಣದ ಬತ್ತಿ ತೆಗೆದು ಹಚ್ಚಿ, ತೋಳು ಇಳಿಬಿಟ್ಟು, ಅದನ್ನು ಮೊಣಕಾಲಿನ ಮಟ್ಟದಲ್ಲಿ ಹಿಡಿದು ಮೆಟ್ಟಿಲು ಇಳಿದಳು. ಒಳಗೆ ದೀಪಗಳು ಬೇಕಾದಷ್ಟು ಉರಿಯುತ್ತಿದ್ದವು. ಮತ್ತೆ ಬತ್ತಿ ಯಾಕೆಂದು ಕೇಳಿದಾಗ ನಕ್ಕಳು.

"ಇದು ಕಣ್ಣಿಗಲ್ಲ ತಾಯಿ, ಉಸಿರಿಗೆ. ಹೊಸ ರಸ ತೊಟ್ಟೀಲಿ ಹುದುಗು ಬರೋವಾಗ ಒಂದು ಗಾಳಿ ಬಿಡುತ್ತೆ. ಭಾರದ ಗಾಳಿ. ನೀರಿನ ಹಾಗೆ ನೆಲದ ಮೇಲೆ ನಿಲ್ಲುತ್ತೆ. ಎದೆ ಮಟ್ಟದಲ್ಲಿ ನಾವು ಮಾತಾಡ್ತಾ ನಿಂತಿರ್ತೀವಿ, ಮೊಣಕಾಲ ಮಟ್ಟದಲ್ಲಿ ಸಾವು ನಿಂತಿರುತ್ತೆ. ಏನೋ ಬಿತ್ತು ಅಂತ ಬಗ್ಗಿದವರು ಮತ್ತೆ ಏಳಲ್ಲ. ಬತ್ತಿ ಆರಿತು ಅಂದ್ರೆ, ಹಿಂದೆ ತಿರುಗಿ ಓಡು ಅಂತ ಅರ್ಥ."

ಗಾಳಿ ಅಳೆಯುವ ಯಂತ್ರವೂ ಗೋಡೆಯ ಮೇಲೆ ತೂಗುತ್ತಿತ್ತು. ಅದನ್ನು ನಂಬುವವರು ಯಾರೂ ಇದ್ದಂತಿರಲಿಲ್ಲ. ಒಂದು ಸುಗ್ಗಿ ಇಲ್ಲಿ ಕೆಲಸ ಮಾಡಿದವರ ಕೈ ಸಾಯುವವರೆಗೂ ಹಾಗೇ ಇಳಿಯುತ್ತದೆ ಎಂದು ಅವಳು ಹೇಳಿದ್ದಳು. ತನ್ನ ಗಂಡನಂತೂ ಮನೆಯಲ್ಲಿ ಕರೆಂಟು ಹೋದಾಗ ಬತ್ತಿಯನ್ನು ಮೊಣಕಾಲಿಗೆ ಹಿಡಿದುಕೊಂಡು ಓಡಾಡಿ, ಮೇಲಿನ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುತ್ತಾನಂತೆ. ಹುಟ್ಟುಗುಣ ಸುಟ್ಟರೂ ಹೋಗದು. ತೋಟದಲ್ಲಿ ಕಲಿತದ್ದೂ ಹೋಗದು.

ಅಂದರೆ ಹೊಲಿಗೆ ಟೀಚರ್ ಸತ್ತದ್ದು ನೀರಿನಲ್ಲಲ್ಲ, ನೆಲಮಾಳಿಗೆಯಲ್ಲಿ. ಆ ಗಾಳಿಯ ಗುಟ್ಟು ಗೊತ್ತಿದ್ದ ಯಾರೋ ಅವಳನ್ನು ಅಲ್ಲಿ ಬಗ್ಗಿಸಿದ್ದಾರೆ, ಆಮೇಲೆ ಜಲಪಾತಕ್ಕೆ ಒಯ್ದಿದ್ದಾರೆ. ಹೆಣ ಸಿಕ್ಕ ಹಿಂದಿನ ಸಂಜೆ ತೋಟದ ದಾರಿಯಲ್ಲಿ ಇಬ್ಬರನ್ನು ಕಂಡದ್ದಾಗಿ ಕಾವಲುಗಾರ ಹೇಳಿದ್ದ. ಇಬ್ಬರೂ ಜಲಪಾತಕ್ಕೆ ಹೋಗುವವರು ಹಾಕಿಕೊಳ್ಳುವಂಥ, ತಲೆ ಮುಚ್ಚುವ ಮಳೆಯಂಗಿ ತೊಟ್ಟಿದ್ದರು, ಮುಖ ಕಾಣಲಿಲ್ಲ. ಒಬ್ಬಳು ಹೆಂಗಸು, ಇನ್ನೊಬ್ಬ ಗಂಡಸಿರಬೇಕು ಎಂದು ಎಲ್ಲರೂ ಅಂದುಕೊಂಡರು. ದೊಡ್ಡಮ್ಮನೂ ಹಾಗೇ ಅಂದುಕೊಂಡಳು.

ಅವಳು ಲೋಟ ಇಟ್ಟು ಎದ್ದಳು. ಪುಟ್ಟಿಯ ಮನೆ ಮೇಲೆ, ಗಂಡನ ಅಂಗಡಿ ಕೆಳಗೆ, ಅಂಗಡಿಯ ಕೆಳಗೆ ಮರ ಮತ್ತು ಗಾಜು ಇಡುವ ಉಗ್ರಾಣ. ಅಳಿಯ ಯಾರಿಗೋ ಪಟ ಕೊಡಲು ಹೋಗಿದ್ದ. ಅಂಗಡಿಯಲ್ಲಿ ಮರದ ಪುಡಿ, ಅಂಟು, ಬಣ್ಣದ ವಾಸನೆ. ಗೋಡೆಯ ತುಂಬ ಖಾಲಿ ಚೌಕಟ್ಟುಗಳು. ಕರೆಂಟು ಮಧ್ಯಾಹ್ನದಿಂದಲೇ ಇರಲಿಲ್ಲ.

ಉಗ್ರಾಣದ ಮೆಟ್ಟಿಲು ಎರಡು ಗೋಡೆಗಳ ನಡುವೆ ಇಕ್ಕಟ್ಟಾಗಿ ಇಳಿಯುತ್ತಿತ್ತು. ದೊಡ್ಡಮ್ಮನ ಮೊಣಕಾಲುಗಳು ಹತ್ತುವುದಕ್ಕೆ ಹೇಗೋ ಒಪ್ಪುತ್ತಿದ್ದವು, ಇಳಿಯುವುದಕ್ಕೆ ಮಾತ್ರ ಮುಷ್ಕರ ಹೂಡುತ್ತಿದ್ದವು. ಅದಕ್ಕೇ ಅವಳು ಮೊದಲ ಮೆಟ್ಟಿಲ ಮೇಲೆ ಕೂತು, ಮೊಬೈಲಿನ ಬೆಳಕು ಹಿಡಿದು, ಮಕ್ಕಳ ಹಾಗೆ ಕೂತ ಕೂತಲ್ಲೇ ಒಂದೊಂದು ಮೆಟ್ಟಿಲು ಜಾರಿದಳು.

ನಿಂತು ಇಳಿದಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಬಲಗಡೆಯ ಗೋಡೆಯ ಮೇಲೆ ಹೊಗೆಯ ಕಲೆಗಳಿದ್ದವು. ಮೆಟ್ಟಿಲಿಗೊಂದರಂತೆ, ಕೂತವಳ ಭುಜದ ಪಕ್ಕಕ್ಕೆ, ಮಸುಕಾಗಿ, ಒಂದೇ ಎತ್ತರದಲ್ಲಿ. ಅವುಗಳ ಕೆಳಗೆ ಮೆಟ್ಟಿಲಂಚಿನಲ್ಲಿ ಮೇಣದ ಹನಿಗಳು ಗಟ್ಟಿಯಾಗಿದ್ದವು. ಕೆಲವು ಹಳೆಯವು, ಧೂಳು ಹಿಡಿದವು. ಕೆಲವು ಉಗುರಿಗೆ ಮೆತ್ತಗೆ ಸಿಗುವಷ್ಟು ಹೊಸವು. ಕೆಳಗಿನ ಮೆಟ್ಟಿಲ ಮೇಲೆ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಉರಿದ ಬತ್ತಿ ನಿಂತಿತ್ತು.

ನಿಂತವರ ಮೊಣಕಾಲೆತ್ತರ.

ಆ ಕಡೆ ಕಾಲೇ ಇಟ್ಟಿಲ್ಲ ಅಂದವರ ಮನೆಯಲ್ಲಿ ತೋಟದವರ ಹಾಗೆ ಬತ್ತಿ ಹಿಡಿದು ಇಳಿಯುವವರು ಯಾರು? ಅವಳು ಮೇಲಕ್ಕೆ ಕೂಗಿದಳು. "ಪುಟ್ಟಿ, ಈ ಉಗ್ರಾಣಕ್ಕೆ ಇಳಿಯೋದು ಯಾರೇ?"

"ಅವರೇ, ಮತ್ಯಾರು?" ಎಂದು ಪುಟ್ಟಿಯ ದನಿ ಮೇಲಿನಿಂದ ಬಂತು. "ನಾನ್ಯಾಕೆ ಇಳೀಲಿ ಆ ಧೂಳಿಗೆ, ಸೀನಿ ಸಾಯ್ತೀನಿ. ನೀನ್ಯಾಕೆ ಅಲ್ಲಿಗೆ ಹೋದೆ, ಕಾಲು ನೋವು ಇಟ್ಕೊಂಡು?"

"ಒಂದು ಹಳೇ ಚೌಕಟ್ಟು ಬೇಕಿತ್ತು."

ಅಷ್ಟೇ ಸಾಕಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಕಸೂತಿಯ ಪಟ, ತಲೆಕೆಳಗಾದ ಪ್ರವಾಸ, ಈ ಗೋಡೆ. ಮೂರೂ ಒಬ್ಬನ ಕಡೆಗೇ ಕೈ ತೋರಿಸುತ್ತಿದ್ದವು. ಆದರೂ ಅವಳ ಹಳೆಯ ಬುದ್ಧಿ ಸುಮ್ಮನಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತಿನ ಮೇಲೆಯೇ ಮೂವತ್ತು ವರ್ಷ ಸಂಬಳ ತಿಂದವಳು ಅವಳು. ನೋಡಬೇಕು, ಅವನ ಕೈಯನ್ನು ಕಣ್ಣಾರೆ ನೋಡಬೇಕು. ಅವನ ಕೈ ಕೆಳಗೆ ಇಳಿದರೆ, ಪುಟ್ಟಿಯನ್ನು ಜುಟ್ಟು ಹಿಡಿದಾದರೂ ಎಳೆದುಕೊಂಡು ಈ ಮನೆಯಿಂದ ಹೊರಟುಬಿಡುವುದು. ಮುಖ ನೋಡದಿದ್ದರೆ ಬೇಡ, ಬದುಕಿದ್ದರೆ ಸಾಕು.

ಹೊರಗೆ ಸೈಕಲ್ ನಿಲ್ಲಿಸಿದ ಸದ್ದಾಯಿತು. ಅಳಿಯ ಒಳಗೆ ಬಂದವನು ಮೆಟ್ಟಿಲ ಮೇಲೆ ಕೂತ ಅವಳನ್ನು ನೋಡಿ ಗಾಬರಿಯಾದ. ಉದ್ದಕ್ಕೆ, ಸಣಕಲಾಗಿ, ಸದಾ ಯಾರದೋ ಕ್ಷಮೆ ಕೇಳುವವನ ಹಾಗೆ ಬಗ್ಗಿರುವ ಮನುಷ್ಯ. ಬೆರಳ ತುದಿಗಳಲ್ಲಿ ಒಣಗಿದ ಅಂಟು.

"ದೊಡ್ಡಮ್ಮ, ಬಿದ್ದುಬಿಟ್ರಾ?"

"ಬಿದ್ದಿಲ್ಲ. ಕೆಳಗಿಂದ ಒಂದು ಚೌಕಟ್ಟು ತೆಗೆದುಕೊಡಿ ನನಗೆ."

ಅವನು ಜೇಬಿಗೆ ಕೈ ಹಾಕಿ ಪುಟ್ಟ ಟಾರ್ಚು ತೆಗೆದ. ಅದು ಯಾಕೆ, ಬತ್ತಿ ಇದೆಯಲ್ಲ, ಎಂದು ದೊಡ್ಡಮ್ಮ ಮುಚ್ಚಳದಲ್ಲಿದ್ದ ಬತ್ತಿಯನ್ನು ತರಿಸಿ, ತಾನೇ ಹಚ್ಚಿ ಅವನ ಕೈಗೆ ಕೊಟ್ಟಳು. ಮುದುಕಿಯ ಹಠಕ್ಕೆ ಅವನು ಎದುರಾಡಲಿಲ್ಲ. ಅವಳನ್ನು ದಾಟಿಕೊಂಡು ಮೇಲೆ ಹೋಗಿ, ಮೊದಲಿನಿಂದ ಇಳಿದು ಬನ್ನಿ ಅಂದಾಗ ಮಾತ್ರ ಅವನ ಹುಬ್ಬು ಮೇಲೇರಿತು. ಆದರೂ ಹೋದ.

ಮೇಲಿನ ಮೆಟ್ಟಿಲಲ್ಲಿ ನಿಂತು ಅಳಿಯ ಬತ್ತಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದ. ತೋಳು ಚಾಚಿ, ಮುಂದಿನ ದಾರಿ ಕಾಣುವಂತೆ, ಯಾರಾದರೂ ಹಿಡಿಯುವ ಹಾಗೆ. ಎರಡು ಮೆಟ್ಟಿಲು ಇಳಿಯುವುದರೊಳಗೆ ಬಿಸಿ ಮೇಣ ಅವನ ಮುಂಗೈ ಮೇಲೆ ಸುರಿಯಿತು. ಅವನು ಸ್ಸ್ ಎಂದು ಕೈ ಬದಲಿಸಿದ, ಎಡಗೈಯಲ್ಲೂ ಅಷ್ಟೇ ಎತ್ತರಕ್ಕೆ ಹಿಡಿದ, ಸೂರಿಗೆ ತಲೆ ಬಡಿಸಿಕೊಂಡ.

ನಾಟಕ ಆಡುವವನು ತನ್ನ ಚರ್ಮ ಸುಟ್ಟುಕೊಂಡು ಆಡುವುದಿಲ್ಲ. ಈ ಮೆಟ್ಟಿಲ ಮೇಲೆ ಇವನು ಯಾವತ್ತೂ ಬತ್ತಿ ಹಿಡಿದು ಇಳಿದಿಲ್ಲ. ದೊಡ್ಡಮ್ಮನಿಗೆ ಒಂದು ಕ್ಷಣ ಎದೆಯ ಮೇಲಿನ ಬಂಡೆ ಸರಿದಂತಾಯಿತು. ಮರುಕ್ಷಣವೇ ಅದಕ್ಕಿಂತ ತಣ್ಣಗಿನದೇನೋ ಅದೇ ಜಾಗದಲ್ಲಿ ಬಂದು ಕೂತಿತು.

ಅವಳು ಮೊಬೈಲಿನಲ್ಲಿದ್ದ ಜೋಡಿ ಹಕ್ಕಿಗಳ ಫೋಟೋ ತೆಗೆದು ಅವನ ಮುಂದೆ ಹಿಡಿದಳು. "ಇದಕ್ಕೆ ಕಟ್ಟು ಹಾಕಿದ್ದು ನೀವು."

ಅವನು ಬತ್ತಿಯನ್ನು ಮೆಲ್ಲಗೆ ಮುಚ್ಚಳದಲ್ಲಿ ನಿಲ್ಲಿಸಿ, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

"ಅವಳನ್ನ ನಾನು ಮದುವೆ ಆಗ್ಬೇಕು ಅಂತಿದ್ದೆ," ಎಂದ.

ಆಮೇಲೆ ಮಾತು ತಾನಾಗಿ ಬಂತು. ಕಸೂತಿ ಪಟಗಳಿಗೆ ಕಟ್ಟು ಹಾಕಿಸಲು ಅವಳು ಬರುತ್ತಿದ್ದಳು. ಇಬ್ಬರೂ ಮಾತು ಕಡಿಮೆಯ ಜನ, ಮಾತಿಲ್ಲದೆಯೇ ಹೊಂದಿಕೊಂಡಿದ್ದರು. ಅಣ್ಣನಿಗೆ ಹೇಳುವ ಮೊದಲು ಒಂದು ಸಲ ಆ ಜಲಪಾತ ನೋಡಿ ಬರುತ್ತೇನೆ ಅಂದಿದ್ದಳು. ಹೋದವಳು ಬರಲಿಲ್ಲ. ಪೇಪರಿನಲ್ಲಿ ಸುದ್ದಿ ಓದಿದ. ಜೊತೆಯಲ್ಲಿ ಒಬ್ಬ ಗಂಡಸಿದ್ದನಂತೆ ಎಂದು ಅದರಲ್ಲಿ ಬರೆದಿತ್ತು. ಅವಮಾನವಾಯಿತು, ಹೆದರಿಕೆಯೂ ಆಯಿತು. ನನಗೆ ಅವಳು ಗೊತ್ತು ಅಂದರೆ ನನ್ನ ಕೈಗೇ ಕೋಳ ಬೀಳುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡ.

"ಹೇಳಬೇಕಿತ್ತು ದೊಡ್ಡಮ್ಮ. ನೀವು ಆ ಕೇಸ್ ಹಿಡಿದಿದ್ದೀರಿ ಅಂತ ಗೊತ್ತಾದಾಗಿಂದ ನಾನು ಊಟ ಮಾಡಿದ್ದು ಮೈಗೆ ಹತ್ತಿಲ್ಲ." ಅವನ ಕಣ್ಣು ತುಂಬಿತು. ಅದು ಸುಳ್ಳು ಅನ್ನಿಸಲಿಲ್ಲ. ಸಾಯಿಸಿದವನೂ ಅಳುತ್ತಾನೆ, ಅದೂ ಅವಳಿಗೆ ಗೊತ್ತಿತ್ತು. ಆದರೆ ಸಾಯಿಸಿದವನ ಕೈಗೆ ಬತ್ತಿ ಹಿಡಿಯಲು ಬರುತ್ತಿತ್ತು.

"ಮತ್ತೆ ಅದೇ ಜಲಪಾತ ನೋಡೋ ಆಸೆ ಹೇಗೆ ಬಂತು ನಿಮಗೆ?"

ಅವನು ಬೆಪ್ಪಾಗಿ ನೋಡಿದ. "ನನಗಾ? ನಾನು ಬೇಡ ಅಂದೆ. ಎಲ್ಲಾದ್ರೂ ಹೋಗೋಣ, ಅಲ್ಲಿಗೆ ಬೇಡ ಅಂದೆ. ಯಾಕೆ ಬೇಡ ಅಂತ ಕೇಳಿದ್ರೆ ಏನು ಹೇಳ್ಲಿ? ಪುಟ್ಟಿದೇ ಹಠ."

ದೊಡ್ಡಮ್ಮನಿಗೆ ಮುಂದಿನ ಪ್ರಶ್ನೆಯನ್ನು ಕೇಳದೇ ಇದ್ದುಬಿಡಲೇ ಅನ್ನಿಸಿತು. ಬದುಕಿನಲ್ಲಿ ಮೊದಲ ಸಲ ಅವಳಿಗೆ ಉತ್ತರದ ಭಯವಾಯಿತು. ಆದರೂ ಕೇಳಿದಳು. "ಈ ಉಗ್ರಾಣಕ್ಕೆ ನೀವು ದಿನಾ ಇಳೀತೀರಾ?"

"ಇಲ್ಲಿ ನನ್ನ ತಲೆ ಬಡಿಯುತ್ತೆ, ಈಗ ನೋಡಿದ್ರಲ್ಲ. ಬೇಕಾದ್ದನ್ನ ಅವಳೇ ತಂದುಕೊಡ್ತಾಳೆ."

ಧೂಳು ಕಂಡರೆ ಸೀನಿ ಸಾಯುತ್ತೇನೆ ಅಂದಿದ್ದಳಲ್ಲ ಅವಳು, ಈಗ ತಾನೇ, ಮೇಲಿನಿಂದ, ನಗುನಗುತ್ತ.

ಅಳಿಯ ತನ್ನಷ್ಟಕ್ಕೆ ಮಾತಾಡುತ್ತಲೇ ಇದ್ದ. ಇಷ್ಟು ದಿನ ಕಟ್ಟಿಟ್ಟದ್ದು ಒಡೆದಿತ್ತು, ಇನ್ನು ನಿಲ್ಲುವಂತಿರಲಿಲ್ಲ. ಹೊಲಿಗೆ ಟೀಚರಿನ ಪ್ರವಾಸಕ್ಕೆ ಏರ್ಪಾಡು ಮಾಡಿಸಲು ಪಕ್ಕದ ಬೀದಿಯ ಆಫೀಸಿಗೆ ಅವಳನ್ನು ಕಳಿಸಿದ್ದು ತಾನೇ ಎಂದ. ಅವಳು ಸತ್ತ ಮೇಲೆ, ಜೊತೆಗೆ ಯಾರು ಹೋಗಿದ್ದರೆಂದು ಕೇಳಲು ಅದೇ ಆಫೀಸಿಗೆ ಹೋದನಂತೆ. ಪರಿಚಯದವರು ಅಂತಷ್ಟೇ ಹೇಳಿಕೊಂಡನಂತೆ. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಹುಡುಗಿ ಬಹಳ ಮರುಗಿ, ನೀರು ಕೊಟ್ಟು, ಸಮಾಧಾನ ಹೇಳಿದಳಂತೆ.

"ನಿಮ್ಮ ಪುಟ್ಟಿನ ನಾನು ಮೊದಲು ನೋಡಿದ್ದೇ ಅವತ್ತು. ಅವಳು ಮಾತ್ರ ಅಂಗಡಿ ಮುಂದೆ ಹೋಗ್ತಾ ಬರ್ತಾ ಎಷ್ಟೋ ದಿನದಿಂದ ನನ್ನನ್ನೇ ನೋಡ್ತಿದ್ದಳಂತೆ. ಅವರು ಒಬ್ಬರೇ ಹೋಗಿದ್ದು, ಜೊತೆಗೆ ಯಾರೂ ಇರಲಿಲ್ಲ, ಎಲ್ಲಾ ಹೊಂದಿಸಿಕೊಟ್ಟಿದ್ದು ನಾನೇ, ನನಗೆ ಗೊತ್ತು ಅಂದಳು. ಆ ಮಾತಿಂದ ನನಗೆ ಎಷ್ಟು ನೆಮ್ಮದಿ ಆಯ್ತು ಗೊತ್ತಾ."

ಹೊಲಿಗೆ ಟೀಚರಿನ ಸುದ್ದಿ ಅಷ್ಟು ಸಲ ಬಂದಾಗಲೂ ಪುಟ್ಟಿ ಇದನ್ನು ಹೇಳಿರಲಿಲ್ಲ. ದೊಡ್ಡಮ್ಮ ಗೋಡೆಯನ್ನು ಹಿಡಿದುಕೊಂಡಳು. ಆ ಗೋಡೆಯ ಹೊಗೆ ಕಲೆ ಅವಳ ಅಂಗೈಗೆ ಅಂಟಿತು.

ಓದು ಮುಗಿಸಿ ಪುಟ್ಟಿ ಒಂದಷ್ಟು ಕಾಲ ದೂರ ಇದ್ದಳು. ಸಮುದ್ರದ ಊರಿನ ಹೋಟೆಲಿನಲ್ಲಿ ಕೆಲಸ ಅಂದಿದ್ದಳು. ಸುಗ್ಗಿಯ ಹೊತ್ತಿಗೆ ರಜೆ ಸಿಗುವುದಿಲ್ಲ ಎಂದು ಒಮ್ಮೆ ಫೋನಿನಲ್ಲಿ ಬಾಯ್ತಪ್ಪಿ ಹೇಳಿದ್ದಳು. ಸಮುದ್ರದ ಊರಿನಲ್ಲಿ ಯಾವ ಸುಗ್ಗಿ ಎಂದು ದೊಡ್ಡಮ್ಮ ಕೇಳಲಿಲ್ಲ. ಮೀನಿನ ಸುಗ್ಗಿ ಇರಬೇಕು ಅಂದುಕೊಂಡು, ಪಾಪ ಹುಡುಗಿ ಎಷ್ಟು ದುಡಿಯುತ್ತಾಳೆ ಎಂದು ಮರುಗಿದ್ದಳು. ಊರವರ ಮಾತನ್ನೆಲ್ಲ ಸೋಸಿ ನೋಡಿದವಳು ಒಬ್ಬಳ ಮಾತನ್ನು ಮಾತ್ರ ಹಾಗೇ ನುಂಗಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆಯೇ?

ನಕ್ಷೆಯ ಮೇಲೆ ಹಿಂದೆಯೇ ಉಳಿದ ಕಪ್ಪು ಗುಂಡಿ ಕಣ್ಣ ಮುಂದೆ ಬಂತು. ಗುಂಡಿ ತಳ್ಳುವಾಗ ಮುಂದಿನದೆಲ್ಲ ಹೊಳೆಯುತ್ತದೆ ಅನ್ನುತ್ತಿದ್ದಳಲ್ಲ. ಇವನೂ ಅಲ್ಲೇ ಸತ್ತರೆ ಹೊಲಿಗೆ ಟೀಚರಿನ ಸಾವು ಇವನ ತಲೆಗೇ ಕಟ್ಟಿಕೊಳ್ಳುತ್ತದೆ.

"ನಾಳಿದ್ದು ನೀವು ಹೋಗ್ಬೇಡಿ," ಎಂದಳು ದೊಡ್ಡಮ್ಮ, ಪಿಸುದನಿಯಲ್ಲಿ. ಬಂದಾಗ ಅವಳು ಕಾಯಬೇಕೆಂದಿದ್ದ ಜೀವವೇ ಬೇರೆ.

"ಯಾಕೆ ದೊಡ್ಡಮ್ಮ?"

ಅವಳು ಉತ್ತರ ಹೇಳುವ ಮೊದಲೇ ಮೇಲಿನ ಬಾಗಿಲು ಕಿರುಗುಟ್ಟಿತು.

"ಇಬ್ಬರೂ ಇಲ್ಲಿದ್ದೀರಾ? ಟೀ ಮತ್ತೆ ಬಿಸಿ ಮಾಡಿದ್ದೀನಿ, ಆರಿ ಹೋಗುತ್ತೆ," ಎಂದಳು ಪುಟ್ಟಿ. ಅಡುಗೆಮನೆಯಿಂದ ಇನ್ನೊಂದು ಬತ್ತಿ ಹಚ್ಚಿಕೊಂಡು ಬಂದಿದ್ದಳು. ಮಾತಾಡುತ್ತಲೇ ಮೆಟ್ಟಿಲು ಇಳಿಯತೊಡಗಿದಳು.

ತೋಳು ಇಳಿಬಿದ್ದಿತ್ತು. ಜ್ವಾಲೆ ಅವಳ ಮೊಣಕಾಲ ಪಕ್ಕದಲ್ಲಿ, ಗೋಡೆಗೆ ತಾಗಿದಂತೆ, ಅಲುಗದೆ ಉರಿಯುತ್ತಿತ್ತು. ಅವಳು ಮೊದಲು ಜ್ವಾಲೆಯನ್ನು ಒಂದು ಮೆಟ್ಟಿಲು ಕೆಳಗೆ ಇಳಿಸುತ್ತಿದ್ದಳು, ಒಂದು ಉಸಿರಿನಷ್ಟು ತಡೆಯುತ್ತಿದ್ದಳು, ಆಮೇಲೆ ಹೆಜ್ಜೆ ಇಡುತ್ತಿದ್ದಳು. ಕಣ್ಣು ಅದರ ಕಡೆ ಇರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ದೊಡ್ಡಮ್ಮ ಆ ಕೈಯನ್ನೇ ನೋಡಿದಳು. ನಡೆಯಲು ಕಲಿಯುವಾಗ ತನ್ನ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಕೈ ಅದು.

"ದೊಡ್ಡಮ್ಮ, ನಕ್ಷೆ ಮೇಲೆ ನಿನಗೂ ಒಂದು ಗುಂಡಿ ಇಟ್ಟೆ ಈಗ," ಎಂದಳು ಪುಟ್ಟಿ. "ಕೆಂಪುದು. ಎಷ್ಟು ದಿನ ಅಂತ ಒಬ್ಬಳೇ ಮನೇಲಿ ಕೂತ್ಕೊಂಡು ಸತ್ತವರ ಚಿಂತೆ ಮಾಡ್ತೀಯ? ನಮ್ಮ ಜೊತೆ ಬಾ. ತೋಟದ ಮನೇಲಿ ನಿನಗೆ ಮೆಟ್ಟಿಲಿಲ್ಲದ ರೂಮೇ ಹೇಳಿದ್ದೀನಿ."

ಅಳಿಯ ಏನೂ ತಿಳಿಯದೆ ಒಳ್ಳೇದೇ ಆಯ್ತು ಎಂಬಂತೆ ತಲೆಯಾಡಿಸಿದ. ದೊಡ್ಡಮ್ಮ ಕೇಳಿದಳು.

"ಕೆಂಪು ಗುಂಡಿ ಎಲ್ಲೀತನಕ ಬರುತ್ತೆ ಮಗಳೇ? ತೋಟದ ತನಕವಾ, ಜಲಪಾತದ ತನಕವಾ?"

ಪುಟ್ಟಿ ನಡು ಮೆಟ್ಟಿಲಲ್ಲಿ ನಿಂತಳು. ಮುಖದ ಮೇಲಿನ ನಗು ಇನ್ನೂ ಹಾಗೇ ಇತ್ತು. ದೊಡ್ಡಮ್ಮನ ಕಣ್ಣು ಎಲ್ಲಿ ನೆಟ್ಟಿದೆಯೆಂದು ನೋಡಿದಳು. ಅದರ ಜಾಡು ಹಿಡಿದು ತನ್ನ ಮೊಣಕಾಲನ್ನು ನೋಡಿದಳು, ಅಲ್ಲಿ ಉರಿಯುತ್ತಿದ್ದ ಬತ್ತಿಯನ್ನು ನೋಡಿದಳು, ಗೋಡೆಯ ಮೇಲಿನ ಕಲೆಯನ್ನೂ ನೋಡಿದಳು.

ಆಮೇಲೆ, ಬಹಳ ನಿಧಾನವಾಗಿ, ಬತ್ತಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಳು.